ಗ್ಯಾರೇಜ್ ಪ್ರಶ್ನೋತ್ತರ: ಘಟ್ಟ ಹತ್ತುವಾಗ ಮಾತ್ರ ಮಿಸ್ ಹೊಡೆಯುವ ಕಾರು

ಪ್ರಶ್ನೆ: ಸರ್, ಶಿರಸಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಗಿರಾಕಿಯೊಬ್ಬರ ಹಳೇ ಕಾರ್ಬ್ಯುರೇಟರ್ ಮಾರುತಿ 800 ದೇವಿಮನೆ ಘಟ್ಟ ಹತ್ತುವಾಗ ಮಿಸ್ ಹೊಡೆಯುತ್ತದೆ, ನಡುನಡುವೆ ಉರಿ ತಪ್ಪಿ ಇಂಜಿನ್ ಮುಗ್ಗರಿಸುತ್ತದೆ. ಗ್ಯಾರೇಜಿನಲ್ಲಿ ಎಷ್ಟು ರೇಸ್ ಮಾಡಿದರೂ ಏನೂ ಇಲ್ಲ. ಓಡಿಸುತ್ತಲೇ ಕಿಡಿ ನೋಡೋಣವೆಂದು ಎರಡು ಚಾನೆಲ್ಲಿನ ಯುಎಸ್‌ಬಿ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಲ್ಯಾಪ್‌ಟಾಪಿನ ತೆರೆಯಲ್ಲಿ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಕೊಂಡೆ. ಮನೆಯಲ್ಲಿ ಉಳಿದಿದ್ದ ಟಿವಿ ಕೇಬಲ್ಲನ್ನು ಫೈರ್‌ವಾಲಿನ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ವೈರಿಂಗ್ ಗ್ರೊಮೆಟ್, ಅಂದರೆ ತೂತಿನ ರಬ್ಬರ್ ಬಳೆ ಸೀಳಿ ಒಳಗೆ ತಂದೆ. ತೆರೆಯ ತುಂಬ ಹುಲ್ಲು ಬೆಳೆದ ಹಾಗೆ ಗೆರೆಗಳು. ಬೇರೆ ತೂತು ಕೊರೆಯಲೇ? ಎಲ್ಲಿ ಕೊರೆಯಲಿ?
(ಹೆಸರು ಬೇಡವೆಂದಿದ್ದಾರೆ)

ಉತ್ತರ: ತೂತಿನ ಮಾತು ಆಮೇಲೆ. ಮೊದಲು ಇಂಜಿನ್ ನಿಲ್ಲಿಸಿ, ಎಳೆದಿರುವ ಕೇಬಲ್ಲಿನ ಎರಡೂ ತುದಿ ಬಿಚ್ಚಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕೇಬಲ್ಲಿನ ನಡುತಂತಿಯ ಸುತ್ತ ಇರುವ ಲೋಹದ ಜಾಲರಿಗೆ, ಇನ್ನೊಂದನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ ಹಿಡಿಯಿರಿ. ಕಂಟಿನ್ಯುಟಿ ಬರಲೇಬಾರದು, ಅಂದರೆ ಮೀಟರ್ ಕೂಗಬಾರದು. ಈಗ ಗ್ರೊಮೆಟ್ ಹತ್ತಿರ ಕೇಬಲ್ಲನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮೀಟರ್ ಕೂಗಿತೆಂದರೆ ತಗಡಿನ ಅಂಚು ಮೇಲಿನ ಹೊದಿಕೆಯನ್ನು ಕೊಯ್ದು ಜಾಲರಿಯನ್ನು ಮುಟ್ಟಿದೆ. ನೀವು ಬರೆದಿದ್ದನ್ನು ನೋಡಿದರೆ ನನಗೆ ಮೊದಲ ಅನುಮಾನ ಅದರ ಮೇಲೇ. ನಡುತಂತಿಗೂ ಜಾಲರಿಗೂ ನಡುವೆಯೂ ಹೀಗೇ ನೋಡಿ.

ಜಾಲರಿಯನ್ನು ಬರೀ ಹೊದಿಕೆ ಎಂದುಕೊಳ್ಳುವವರು ಬಹಳ ಜನ. ಅದು ಸಿಗ್ನಲ್ ವಾಪಸ್ ಬರುವ ತಂತಿ. ಇಂಜಿನ್ ಬ್ಲಾಕಿನ ಹತ್ತಿರ ಒಂದೇ ಕಡೆ ಅದಕ್ಕೆ ಅರ್ತ್ ಸಿಗಬೇಕು. ನಡುದಾರಿಯಲ್ಲಿ ಫೈರ್‌ವಾಲಿಗೂ ತಾಗಿದರೆ ಇಂಜಿನ್ನಿಗೂ ಬಾಡಿಗೂ ಇರುವ ಸಣ್ಣ ವೋಲ್ಟೇಜ್ ವ್ಯತ್ಯಾಸ ಜಾಲರಿಯಲ್ಲೇ ಹರಿಯುತ್ತದೆ. ಡೈನಮೋ, ವೈಪರ್ ಮೋಟರ್, ಕಾಯಿಲ್ ಎಲ್ಲದರ ಗದ್ದಲ ನಿಮ್ಮ ತೆರೆಯ ಮೇಲೆ ಬರುತ್ತದೆ. ಲ್ಯಾಪ್‌ಟಾಪನ್ನು ಲೈಟರ್ ಸಾಕೆಟ್ಟಿನಿಂದ ಚಾರ್ಜ್ ಮಾಡುತ್ತ ನೋಡಿದರೂ ಇದೇ ತೊಂದರೆ. ಬ್ಯಾಟರಿ ತುಂಬಿಸಿಕೊಂಡು ಹೋಗಿ, ಟೆಸ್ಟ್ ಮುಗಿಯುವವರೆಗೆ ಚಾರ್ಜರ್ ಮುಟ್ಟಬೇಡಿ.

ಟಿವಿ ಕೇಬಲ್ಲನ್ನು ಮನೆಗೇ ಬಿಡಿ. ಅದು 75 ಓಮ್, ಸ್ಕೋಪಿನ ಕೇಬಲ್ 50 ಓಮ್ ಅನ್ನುವುದು ಈ ಕೆಲಸದಲ್ಲಿ ದೊಡ್ಡ ವಿಷಯವಲ್ಲ. ಅದರ ನಡುತಂತಿ ಒಂದೇ ಗಟ್ಟಿ ಎಳೆ, ಒಳಗೆ ತೆಳು ಫಾಯಿಲ್. ಇಂಜಿನ್ನಿನ ನಡುಕ ಎರಡಕ್ಕೂ ಒಗ್ಗುವುದಿಲ್ಲ. ಎಳೆಎಳೆಯಾದ ನಡುತಂತಿ ಇರುವ ಆರ್‌ಜಿ-58 ತೆಗೆದುಕೊಳ್ಳಿ, ದಪ್ಪ 5 ಮಿ.ಮೀ. ಮೀಟರ್ ಉದ್ದಕ್ಕೆ ಸುಮಾರು 100 ಪಿಕೊಫ್ಯಾರಡ್ ಅದರ ಕೆಪ್ಯಾಸಿಟನ್ಸ್. ಹಾಗಾಗಿ ಉದ್ದ ಹೆಚ್ಚಿಸಿದಂತೆ ಎಚ್‌ಟಿ ಕ್ಲಿಪ್ (ಕಿಡಿಯ ಹೈ ಟೆನ್ಶನ್ ಲೀಡಿನ ಮೇಲೆ ಹಾಕುವುದು) ತೋರಿಸುವ ಕೆವಿ, ಅಂದರೆ ಕಿಲೋವೋಲ್ಟ್, ಇದ್ದುದಕ್ಕಿಂತ ಕಡಿಮೆ ಕಾಣಬಹುದು. ಬೇಕಾದಷ್ಟೇ ಉದ್ದ ಇಡಿ, ಸಂಖ್ಯೆಯನ್ನು ನಂಬುವ ಬದಲು ಮೂರು ಸಿಲಿಂಡರನ್ನು ಒಂದಕ್ಕೊಂದು ಹೋಲಿಸಿ.

ಇನ್ನು ತೂತು. ಒಂದು ದಿನದ ಟೆಸ್ಟಿಗೆ ಗಿರಾಕಿಯ ಕಾರಿನ ಫೈರ್‌ವಾಲ್ ಕೊರೆಯಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಬೆಂಕಿಯನ್ನೂ ಪೆಟ್ರೋಲ್ ಹೊಗೆಯನ್ನೂ ಕೂತವರಿಂದ ದೂರ ಇಡುವ ತಗಡು ಅದು. ಸೀಳಿದ ಗ್ರೊಮೆಟ್ಟನ್ನೂ ಬದಲಾಯಿಸಿಕೊಡಿ. ಬಾನೆಟ್ಟಿನ ಎಡ ಹಿಂಬದಿ ಮೂಲೆಯ ಸಂದಿಯಿಂದ ಕೇಬಲ್ ಹೊರತೆಗೆದು, ಎಡ ಕಿಟಕಿಯ ಮೇಲಂಚಿನಿಂದ ಒಳಗೆ ಬಿಡಿ. ಅಂಚು ತಾಗುವ ಕಡೆ ಸೈಕಲ್ ಟ್ಯೂಬಿನ ತುಂಡು ಸುತ್ತಿ. ಕೇಬಲ್ ಜಜ್ಜದೆ ಬಾನೆಟ್ ಪೂರ್ತಿ ಲಾಕ್ ಆಗಲೇಬೇಕು, ಅರ್ಧ ಲಾಕಿನಲ್ಲಿ ರಸ್ತೆಗೆ ಇಳಿಯಬೇಡಿ.

ನಿಮ್ಮದೇ ಗಾಡಿಯಲ್ಲಿ ಕಾಯಂ ಕೇಬಲ್ ಬೇಕಾದರೆ ಮಾತ್ರ ಫೈರ್‌ವಾಲ್. ಆಗಲೂ ಎಡಗಡೆ. ಬಲಗಡೆ ಬ್ರೇಕ್ ಪೆಡಲ್, ಸ್ಟೀರಿಂಗ್ ಶಾಫ್ಟ್, ಆಕ್ಸಿಲರೇಟರ್ ಕೇಬಲ್ ಇರುತ್ತವೆ. ಅಲ್ಲಿ ಜೋತುಬಿದ್ದ ಒಂದು ಕೇಬಲ್ ಸಾಕು, ಘಟ್ಟದಲ್ಲಿ ಪ್ರಾಣಕ್ಕೆ ಬರುತ್ತದೆ. ಕಂಪನಿಯೇ ಬಿಟ್ಟ, ರಬ್ಬರ್ ಮುಚ್ಚಳದ ಖಾಲಿ ತೂತು ಇದೆಯೇ ಎಂದು ಮೊದಲು ಹುಡುಕಿ. ಸ್ಕೋಪಿಗೆ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರ್ ಕೇಬಲ್ಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ದಪ್ಪ. ಅದು ತೂರಲೆಂದು ತೂತು ದೊಡ್ಡದು ಮಾಡಬೇಡಿ, ಬರೀ ಕೇಬಲ್ ತೂರಿಸಿ ಆಮೇಲೆ ಕನೆಕ್ಟರ್ ಕ್ರಿಂಪ್ ಮಾಡಿ. ಹೊಸದಾಗಿ ಕೊರೆದರೆ ಅಂಚಿನ ಮುಳ್ಳು ಅರದಿಂದ ತೆಗೆದು ಪ್ರೈಮರ್ ಹಚ್ಚಿ, ನಿಮ್ಮ ಮಳೆಗೆ ತುಕ್ಕು ಬೇಗ ಹಿಡಿಯುತ್ತದೆ. ಕೇಬಲ್ ಗ್ರೊಮೆಟ್ಟಿಗೆ ಕೆಳಗಿನಿಂದ ಏರಿ ಬರಲಿ, ನೀರು ಹೊರಗೇ ತೊಟ್ಟಿಕ್ಕುತ್ತದೆ. ಎಕ್ಸಾಸ್ಟ್ ಹತ್ತಿರ ಸುಳಿಯದಿರಲಿ. ಎಚ್‌ಟಿ ಲೀಡಿನಿಂದ ಗೇಣು ದೂರ ಇರಲಿ, ದಾಟಲೇಬೇಕಾದರೆ ಅಡ್ಡಕ್ಕೆ ದಾಟಲಿ.

ಎಚ್‌ಟಿಗೆ ಲೀಡಿನ ಹೊರಗಿನಿಂದಲೇ ಹಿಡಿಯುವ ಕೆಪ್ಯಾಸಿಟಿವ್ ಕ್ಲಿಪ್ ಹೊರತು ಬೇರೇನೂ ಮುಟ್ಟಿಸಬೇಡಿ. ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) ನೋಡುವುದಾದರೆ ಅಲ್ಲೂ 300–400 ವೋಲ್ಟ್ ಹಾರುತ್ತದೆ, ವೋಲ್ಟೇಜನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸುವ 20:1 ಅಟೆನ್ಯುಯೇಟರ್ ಬೇಕು. ಅದು ಸ್ಕೋಪಿನ ತುದಿಯಲ್ಲಿ ಇದ್ದರೆ ಫೈರ್‌ವಾಲ್ ದಾಟುವ ಕೇಬಲ್ಲಿನಲ್ಲಿ ಪೂರ್ತಿ ವೋಲ್ಟೇಜೇ ಇರುತ್ತದೆ. ಅಂಚಿನ ಬಗ್ಗೆ ಇಷ್ಟು ಹೇಳಿದ್ದಕ್ಕೆ ಇದೂ ಕಾರಣ.

ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ನಡು ಲೀಡಿಗೆ ಒಂದು ಕ್ಲಿಪ್, ಒಂದನೇ ಪ್ಲಗ್ಗಿನ ಲೀಡಿಗೆ ಇನ್ನೊಂದು. ಫೈರಿಂಗ್ ಆರ್ಡರ್ 1-3-2, ಹಾಗಾಗಿ ಯಾವ ಗೆರೆ ಯಾವ ಸಿಲಿಂಡರಿನದು ಎಂದು ಗೊತ್ತಾಗುತ್ತದೆ. 3000 ಆರ್‌ಪಿಎಂನಲ್ಲಿ 13 ಮಿಲಿಸೆಕೆಂಡಿಗೊಂದು ಕಿಡಿ. ಸಹಾಯಕ ಎಡ ಸೀಟಿನಲ್ಲಿ ಕೂತು ರೆಕಾರ್ಡ್ ಮಾಡಲಿ, ನೀವು ರಸ್ತೆ ನೋಡಿ. ಮಿಸ್ ಹೊಡೆದ ಕ್ಷಣದಲ್ಲಿ ಒಂದೇ ಸಿಲಿಂಡರಿನ ಗೆರೆ ಎತ್ತರಕ್ಕೆ ಚಿಮ್ಮಿ, ಕಿಡಿ ಉರಿಯುವ ಸಮಯ ಮೊಟಕಾಗಿದ್ದರೆ ಅದರ ಲೀಡ್ ಒಳಗೆ ಕಡಿದಿದೆ ಅಥವಾ ಪ್ಲಗ್ ಗ್ಯಾಪ್ ಅಗಲವಾಗಿದೆ. ಗೆರೆ ಗಿಡ್ಡವಾಗಿ ಉರಿ ಉದ್ದವಾದರೆ ಕಿಡಿ ಪ್ಲಗ್ಗಿಗೆ ಹೋಗದೆ ಬೇರೆಲ್ಲೋ ಸೋರುತ್ತಿದೆ. ಆಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಒಳಗೋಡೆಯಲ್ಲಿ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮೂರೂ ಸಿಲಿಂಡರ್ ಒಟ್ಟಿಗೆ ಸೋತರೆ ಕಾಯಿಲ್, ರೋಟರ್ ಅಥವಾ ಆ ನಡು ಲೀಡ್. ಕಿಡಿ ಮೂರರಲ್ಲೂ ಚೆನ್ನಾಗಿದ್ದೂ ಮಿಸ್ ಆದರೆ ಸ್ಕೋಪ್ ಎತ್ತಿಟ್ಟು ಪೆಟ್ರೋಲ್ ಫಿಲ್ಟರ್, ಪಂಪ್ ಕಡೆ ಹೋಗಿ.

ಪ್ರಶ್ನೆ: ಇದೇ ಕ್ಲಿಪ್ ನನ್ನ ಡೀಸೆಲ್ ಜೀಪಿಗೆ ಬರುತ್ತದೆಯೇ? (ಮೂಡಿಗೆರೆಯ ಓದುಗರು)

ಉತ್ತರ: ಇಲ್ಲ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗದಿರುವುದೇ ನಿಮ್ಮ ತೊಂದರೆಯಾಗಿದ್ದರೆ, ಡಿಸಿ ಕ್ಲಾಂಪ್ ಮೀಟರನ್ನು ಒಂದೊಂದೇ ಗ್ಲೋ ಪ್ಲಗ್ಗಿನ (ಸ್ಟಾರ್ಟಿಗೆ ಮೊದಲು ಸಿಲಿಂಡರ್ ಬಿಸಿ ಮಾಡುವ ಹೀಟರ್) ತಂತಿಗೆ ಹಾಕಿ ಆ ಹೀಟರ್ ಆನ್ ಮಾಡಿ. ಕರೆಂಟ್ ಎಳೆಯದ ಪ್ಲಗ್ ಸತ್ತಿದೆ.