ಸಿಸಿ ರಸ್ತೆಯ ಬಿಲ್ಲು ನೋಡುವುದು ಹೇಗೆ?

ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ ಪಂಚಾಯಿತಿ ಹಾಕಿಸಿದ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ವರ್ಷದೊಳಗೇ ಕಿತ್ತುಬಂದಿದೆ, ಲೆಕ್ಕ ಕೇಳುವುದು ಹೇಗೆ ಎಂದು ಕೇಳಿದ್ದೀರಿ.

ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 6(1)ರಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹೆಚ್ಚಿನವರು ಎಡವುವುದು ಕೇಳುವ ರೀತಿಯಲ್ಲೇ. "ರಸ್ತೆ ಯಾಕೆ ಹಾಳಾಯಿತು?" ಎಂದು ಬರೆದರೆ ಉತ್ತರ ಸಿಗದು, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿರುವ ದಾಖಲೆಯನ್ನು. ಕಾಮಗಾರಿಯ ಹೆಸರು, ವರ್ಷ ಬರೆದು ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಇವುಗಳ ದೃಢೀಕೃತ ಪ್ರತಿ ಕೇಳಿ.

ಇವುಗಳಲ್ಲಿ ಅಳತೆ ಪುಸ್ತಕವೇ ಜೀವಾಳ. ಎಂಜಿನಿಯರ್ ಬರೆದ ಉದ್ದ, ಅಗಲ, ದಪ್ಪ ಅದರಲ್ಲಿರುತ್ತದೆ. ಉದಾಹರಣೆಗೆ 100 × 3 × 0.15 ಮೀಟರ್ ಎಂದಿದ್ದರೆ 45 ಘನ ಮೀಟರ್ ಕಾಂಕ್ರೀಟಿಗೆ ಹಣ ಹೋಗಿದೆ ಎಂದರ್ಥ. ಟೇಪು ಹಿಡಿದು ರಸ್ತೆಯ ಅಂಚಿಗೆ ಹೋಗಿ. ಉದ್ದಕ್ಕೂ ದಪ್ಪ 10 ಸೆಂಟಿಮೀಟರೇ ಸಿಕ್ಕರೆ ಬಿದ್ದಿರುವುದು 30 ಘನ ಮೀಟರ್ ಮಾತ್ರ. ಒಂದೇ ಕಡೆ ಅಳೆದು ನಂಬಬೇಡಿ, ನಾಲ್ಕೈದು ಕಡೆ ಅಳೆದು ಫೋಟೊ ತೆಗೆಯಿರಿ. ಕಾಮಗಾರಿಯ ಪರಿಶೀಲನೆ ಮಾಡುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯ ಸೆಕ್ಷನ್ 2(ಜೆ)ಯಲ್ಲಿದೆ, ಜನ ಅದನ್ನು ಬಳಸುವುದೇ ಅಪರೂಪ.

ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. 30 ದಿನ ಕಳೆದರೂ ಉತ್ತರವಿಲ್ಲವೇ? ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅಳತೆ ತಾಳೆಯಾಗದಿದ್ದರೆ ಅದೇ ಪ್ರತಿಗಳನ್ನು ಲಗತ್ತಿಸಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಬರೆಯಿರಿ, ಗ್ರಾಮಸಭೆಯಲ್ಲೂ ಓದಿ ನಡಾವಳಿಯಲ್ಲಿ ದಾಖಲಿಸಲು ಹೇಳಿ.