ಸೆರೆನಾ ವಿಲಿಯಮ್ಸ್ ಗೆದ್ದ ಬೆಂಗಳೂರು ಓಪನ್ ಟೆನಿಸ್ ಪಟ್ಟಿಯಲ್ಲೇ ಇಲ್ಲವೇಕೆ?

ನೀವು ನೋಡಿರುವುದು ಬಹುಶಃ ಪುರುಷರ ಚಾಲೆಂಜರ್ ಎಂಬ ಕೆಳಹಂತದ ಟೂರ್ನಿಯ ಪಟ್ಟಿ (2017ರಲ್ಲಿ ಸುಮಿತ್ ನಗಾಲ್ ಗೆದ್ದದ್ದು). ಹೆಸರು ಹೆಚ್ಚುಕಡಿಮೆ ಒಂದೇ, ಟೂರ್ನಿ ಬೇರೆ. ಸೆರೆನಾ ಆಡಿದ್ದು ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಸ್ಥೆ) ಟೂರ್ನಿ. ಅದು ಇಲ್ಲಿ ನಡೆದದ್ದೇ ಮೂರು ವರ್ಷ.

ಮೊದಲು 'ಬೆಂಗಳೂರು' ಬಿಟ್ಟು 'ಬ್ಯಾಂಗಲೋರ್ ಓಪನ್' ಎಂದು ಹುಡುಕಿ, ಜೊತೆಗೆ ಡಬ್ಲ್ಯುಟಿಎ ಮತ್ತು ಇಸವಿ ಸೇರಿಸಿ. ಗೆದ್ದವರು: 2006 ಮಾರಾ ಸಾಂತಾಂಜೆಲೊ, 2007 ಯಾರೊಸ್ಲಾವಾ ಶ್ವೆಡೋವಾ, 2008 ಸೆರೆನಾ. ಈ ಮೂರೂ ಸಿಕ್ಕರೆ ಸರಿಯಾದ ಪುಟ. 2008ರ ಸುದ್ದಿಗೆ ಪ್ರಾಯೋಜಕರಾಗಿದ್ದ ಕೆನರಾ ಬ್ಯಾಂಕ್ ಹೆಸರನ್ನೂ ಹಾಕಿ ನೋಡಿ.

ದರ್ಜೆ ಹಾಕಿ ಹುಡುಕುವುದಾದರೆ ಮೊದಲೆರಡು ವರ್ಷಕ್ಕೆ 'ಟಿಯರ್ 3', 2008ಕ್ಕೆ 'ಟಿಯರ್ 2'. ಪ್ರೀಮಿಯರ್, ಇಂಟರ್‌ನ್ಯಾಷನಲ್ ಎಂಬ ದರ್ಜೆಗಳು ಬಂದದ್ದೇ 2009ರಲ್ಲಿ, ಅವನ್ನು ಹಾಕಿದರೆ ಏನೂ ಬರುವುದಿಲ್ಲ.

ಅದಕ್ಕೂ ಹಿಂದಿನದು ಬೇಕಿದ್ದರೆ ಹೈದರಾಬಾದ್ ಓಪನ್ ನೋಡಿ, 2003ರಿಂದ 2005. ಕೊನೆಯ ವರ್ಷ ಅಲ್ಲಿ ಗೆದ್ದದ್ದು ಸಾನಿಯಾ ಮಿರ್ಜಾ. ಕೆಲವು ಪಟ್ಟಿಗಳು ಎರಡನ್ನೂ ಒಂದೇ ಟೂರ್ನಿಯಾಗಿ ಕೊಡುತ್ತವೆ, ಹಾಗಾಗಿ ಊರಿನ ಕಾಲಂ ಗಮನಿಸಿ.

2008ರ ಫೈನಲ್: ಪ್ಯಾಟಿ ಶ್ನೈಡರ್ ವಿರುದ್ಧ 7-5, 6-3. ಅದಕ್ಕಿಂತ ಸೆಮಿಫೈನಲ್ ವರದಿ ಓದಿ. ಕಬ್ಬನ್ ಪಾರ್ಕ್ ಕೋರ್ಟಿನಲ್ಲಿ ಅಕ್ಕ ವೀನಸ್ ಎದುರು ಮೂರನೇ ಸೆಟ್ ಟೈಬ್ರೇಕರ್‌ವರೆಗೆ ಹೋಗಿತ್ತು.