ಆ ಕಂಚಿನ ಫಲಕ ಯಾರದ್ದು?

ಪ್ರಶ್ನೆ: ಮಗ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿದ್ದಾನೆ. ಅಲ್ಲಿ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕಂಚಿನ ಫಲಕ ಮಾರಾಟಕ್ಕಿದೆಯಂತೆ. ಫೋಟೋ ಕಳಿಸಿದ್ದಾನೆ. 1914–1918 ಅಂತ ಇದೆ, ಕೆಳಗೆ ಒಂದು ಕಲ್ಲಿದ್ದಲು ಗಣಿಯಿಂದ ಯುದ್ಧಕ್ಕೆ ಹೋಗಿ ಸತ್ತವರ ಹೆಸರುಗಳು, ನಾಲ್ಕು ಮೂಲೆಗೂ ಸ್ಕ್ರೂ ತೂತು. ಇಂಥದ್ದು ಅಂಗಡಿಗೆ ಹೇಗೆ ಬಂತು? ಕೊಂಡರೆ ತಪ್ಪಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಸ್ಕ್ರೂ ತೂತು ನೋಡಿದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಫಲಕ ಇದ್ದ ಗೋಡೆ ಹೋಗಿದೆ.

ಇವುಗಳಲ್ಲಿ ಎಷ್ಟೋ ಫಲಕ ಸರ್ಕಾರ ಹಾಕಿಸಿದ್ದಲ್ಲ. ಜೊತೆಗೆ ದುಡಿದವರು ಪಗಾರದಲ್ಲೇ ಪಟ್ಟಿ ಎತ್ತಿ, ಕೆಲವು ಕಡೆ ಕಂಪನಿಯೂ ಕೈಜೋಡಿಸಿ, ಗಣಿಯ ಆಫೀಸಿನಲ್ಲೋ ಕಾರ್ಮಿಕರ ಕ್ಲಬ್ಬಿನಲ್ಲೋ ಹಾಕಿಸಿದರು. ಮಾಲೀಕರು ಯಾರು ಅಂತ ಕಾಗದ ಮಾಡೋದು ಆಗ ಯಾರಿಗೆ ಹೊಳೆಯುತ್ತೆ? 1947ರ ಜನವರಿ 1ರಂದು ಗಣಿಗಳು ಸರ್ಕಾರದ ಪಾಲಾದವು. 1984–85ರ ದೊಡ್ಡ ಮುಷ್ಕರದ ನಂತರ ಒಂದರ ಹಿಂದೆ ಒಂದು ಮುಚ್ಚಿದವು. ಆಳದ ಗಣಿಗಳಲ್ಲಿ ಕೊನೆಯದಾದ ಕೆಲಿಂಗ್ಲಿ ಇದ್ದದ್ದೂ ನಿಮ್ಮ ಮಗನ ಯಾರ್ಕ್‌ಷೈರ್‌ನಲ್ಲೇ, ಅದು 2015ರ ಡಿಸೆಂಬರಿನಲ್ಲಿ ನಿಂತಿತು. ಗಣಿ ಮುಚ್ಚಿದಾಗ ಕೆಲವು ಫಲಕ ಚರ್ಚಿಗೆ ಹೋದವು, ಕೆಲವು ಕ್ಲಬ್ಬಿಗೆ, ಆಮೇಲೆ ಕ್ಲಬ್ಬೂ ಮುಚ್ಚಿದಾಗ ಮತ್ತೆ ಬೀದಿಗೆ. ಕೆಲವನ್ನು ಕದ್ದರು. ಕಂಚಿಗೆ ಒಳ್ಳೇ ರೇಟು, ಮೋಡಕಾ ಅಂಗಡಿಯವನು ಹೆಸರು ಓದುವುದಿಲ್ಲ, ತೂಕ ನೋಡುತ್ತಾನೆ. ಅದಕ್ಕೇ 2013ರ ಕಾಯ್ದೆಯಿಂದ ಇಂಗ್ಲೆಂಡಿನಲ್ಲಿ ಗುಜರಿಗೆ ನಗದು ಕೊಡುವಂತಿಲ್ಲ.

ಹಾಗಾಗಿ ಅಂಗಡಿಯಲ್ಲಿರುವುದು ಕದ್ದ ಮಾಲೂ ಇರಬಹುದು, ಯಾರೋ ಹಳೇ ಕೆಲಸಗಾರ ಹಾಳಾಗಬಾರದು ಅಂತ ಬಿಚ್ಚಿ ಮನೆಗೆ ಒಯ್ದದ್ದೂ ಇರಬಹುದು. ಸುಮ್ನೆ ದುಡ್ಡು ಕೊಟ್ಟು ತರುವುದು ಬೇಡ. ಎಲ್ಲಿಂದ ಬಂತು ಅಂತ ಅಂಗಡಿಯವರನ್ನು ಕೇಳಲಿ, ಹಿಂದೆ ಮುಂದೆ ಎರಡೂ ಕಡೆ ಫೋಟೋ ತೆಗೆಯಲಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಯುದ್ಧ ಸ್ಮಾರಕಗಳ ದೊಡ್ಡ ಪಟ್ಟಿ ಇಟ್ಟಿದೆ, ಅದರಲ್ಲಿ ಗಣಿಯ ಹೆಸರು ಹುಡುಕಲಿ. ಇಂಥ ಸ್ಮಾರಕಗಳನ್ನು ಕಾಪಾಡುವ ವಾರ್ ಮೆಮೋರಿಯಲ್ಸ್ ಟ್ರಸ್ಟ್‌ಗೂ ತಿಳಿಸಲಿ. ಇನ್ನೊಂದು, ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ ಅನ್ನಿ! ಆ ಕಪ್ಪು ಪದರವೇ ಲೋಹವನ್ನು ಕಾಯುತ್ತದೆ.

ನಮ್ಮದು ಆಗ ಮುಂಬೈ ಪ್ರಾಂತ್ಯ ಅಲ್ವಾ, ಆ ಪ್ರಾಂತ್ಯದ ಎಷ್ಟೋ ಹಳ್ಳಿಗಳಲ್ಲಿ ಅದೇ ಯುದ್ಧದ ಕಲ್ಲುಗಳಿವೆ. ಈ ಊರಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು, ಮುಗಿಯಿತು. ಯಾರು ಅಂತ ಇಲ್ಲ. ಗಣಿಯವರು ಹೆಸರನ್ನಾದರೂ ಬರೆಸಿದರು.

ಪ್ರಶ್ನೆ: ಗಣಿ ಕೆಲಸದವರಿಗೆ ಯುದ್ಧದಲ್ಲಿ ಏನು ಕೆಲಸ?
– ಓದುಗರು, ಗದಗ

ಉತ್ತರ: ಅದೇ ಕೆಲಸ, ಅಗೆಯುವುದು. ಬಹಳ ಮಂದಿ ಬಂದೂಕನ್ನೂ ಹಿಡಿದರು. ಆದರೆ 1915ರಿಂದ ಬ್ರಿಟಿಷರು ಸುರಂಗದ ತುಕಡಿಗಳನ್ನೇ ಕಟ್ಟಿ, ಶತ್ರುವಿನ ಕಂದಕದ ಅಡಿಗೆ ಸ್ಫೋಟಕ ತುಂಬಿಸಿದರು. 1917ರ ಜೂನ್ 7ರಂದು ಬೆಲ್ಜಿಯಂನ ಮೆಸೀನ್‌ನಲ್ಲಿ ಅಂಥ 19 ಸ್ಫೋಟ ಆದವು. ವಿಲಿಯಂ ಹ್ಯಾಕೆಟ್ ಅಂತ ಒಬ್ಬ ಗಣಿ ಕೆಲಸಗಾರ. 1916ರ ಜೂನ್‌ನಲ್ಲಿ ಫ್ರಾನ್ಸಿನ ಜಿವಾಂಶಿಯಲ್ಲಿ ಸುರಂಗ ಕುಸಿಯಿತು. ಹೊರಬರಲು ದಾರಿ ಇತ್ತು, ಗಾಯಗೊಂಡ ಜೊತೆಗಾರನನ್ನು ಬಿಟ್ಟು ಬರಲ್ಲ ಅಂದ. ಇಬ್ಬರೂ ಅಲ್ಲೇ ಉಳಿದರು. ಸತ್ತ ಮೇಲೆ ಅವನಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಎರಡನೇ ಯುದ್ಧದಲ್ಲಿ ಉಲ್ಟಾ ಆಯಿತು. ಗಣಿಗೇ ಆಳು ಕಡಿಮೆ. 1943ರ ಡಿಸೆಂಬರಿನಿಂದ ಸೇನೆಗೆ ಹೋಗಬೇಕಿದ್ದ ಹುಡುಗರನ್ನು ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಮೇಲೆ ಚೀಟಿ ಎತ್ತಿ ಗಣಿಗೆ ಇಳಿಸಿದರು. ಇವರೇ ಬೆವಿನ್ ಬಾಯ್ಸ್, ಆಗಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ ಹೆಸರಿನಿಂದ ಬಂದದ್ದು. ಸಮವಸ್ತ್ರ ಇಲ್ಲದ್ದಕ್ಕೆ ಬೀದಿಯಲ್ಲಿ ಹೇಡಿ ಅಂತ ಬೈಸಿಕೊಂಡರು. ಸರ್ಕಾರ ಒಂದು ಬ್ಯಾಡ್ಜ್ ಕೊಟ್ಟದ್ದು 2008ರಲ್ಲಿ, ಅಷ್ಟೊತ್ತಿಗೆ ಬದುಕಿದ್ದವರು ಎಂಬತ್ತು ದಾಟಿದ್ದರು.